ಮೂರನೆಯ ‘ಬೇಡ’

ವೈಟ್‌ಫೀಲ್ಡ್ ಕಡೆಯ ಒಂದು ದೊಡ್ಡ ಹೋಟೆಲಿನಲ್ಲಿ ಹೊಸ ಕೆಲಸಗಾರರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಹೇಗೆ ನಗಬೇಕು, ಎಷ್ಟು ದೂರ ನಿಲ್ಲಬೇಕು, ಅತಿಥಿ ಕೂಗಾಡಿದರೆ ಮುಖ ಹೇಗಿಟ್ಟುಕೊಳ್ಳಬೇಕು, ಇವೆಲ್ಲ ನನ್ನ ಪಾಠಗಳು. ಮನೆಯಲ್ಲಿ ನಾನು ಇದರಲ್ಲಿ ಒಂದನ್ನೂ ಪಾಲಿಸುವುದಿಲ್ಲ, ಆ ಮಾತು ಬೇರೆ. ಮೊದಲ ದಿನದ ಭಾಷಣವಂತೂ ನನಗೆ ಬಾಯಿಪಾಠ: ಇಲ್ಲಿ ರೂಮುಗಳು ತುಂಬಿದರೆ ಹಾಲಿನವರು, ಹೂವಿನವರು, ಬಟ್ಟೆ ಒಗೆಯುವವರು, ಟ್ಯಾಕ್ಸಿಯವರು ಎಲ್ಲರ ಮನೆಯ ಒಲೆ ಉರಿಯುತ್ತದೆ, ದೇಶ ಮುಂದೆ ಬರುವುದು ಬರೀ ಕಂಪ್ಯೂಟರಿನಿಂದಲ್ಲ. ಇದನ್ನು ನಾನು ನಂಬಿಯೇ ಹೇಳುತ್ತೇನೆ.

ಒಮ್ಮೆ ನಮ್ಮ ಮ್ಯಾನೇಜರಿಗೆ ಮಧ್ಯಾಹ್ನದ ಬಫೆಯಲ್ಲಿ ನಮ್ಮ ನಾಡಿನ ರುಚಿ ಇರಬೇಕೆಂಬ ಹುಕಿ ಬಂತು. ಅತಿಥಿಗಳ ಕಣ್ಣೆದುರೇ ಜೋಳದ ರೊಟ್ಟಿ ಬಡಿಯಲು ವಿಜಯಪುರದ ಕಡೆಯ ಹೆಂಗಸೊಬ್ಬಳನ್ನು ಸೇರಿಸಿಕೊಂಡೆವು. ಗಂಡ ಗಾರೆ ಕೆಲಸದವನು. ಒಂದು ಕಟ್ಟಡ ಮುಗಿದಾಗಲೆಲ್ಲ ಇವರ ಸಂಸಾರವೂ ಗಂಟುಮೂಟೆ ಕಟ್ಟಬೇಕು. ಎಂಟು ವರ್ಷದ ಮಗಳು ಆಗಲೇ ಮೂರು ಶಾಲೆ ಕಂಡಿದ್ದಳು. ಮೂರು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಎಂದಾಗ ಅವಳು ಸಂಬಳದ ಮಾತೇ ಎತ್ತಲಿಲ್ಲ.

“ಕಾಯಂ ಆದ್ರ ಇಲ್ಲೇ ಪಟ್ಟಂದೂರಾಗ ಒಂದ ಕಡೆ ಇರಬಹುದಲ್ರೀ ಮೇಡಂ? ಹುಡುಗಿ ಸಾಲಿ ಬಿಡಸೂದು ಬ್ಯಾಡಲ್ರೀ?” ಎಂದಳು.

ರೊಟ್ಟಿಯ ಬಗ್ಗೆ ಎರಡು ಮಾತಿಲ್ಲ. ತೊಂದರೆ ಇದ್ದದ್ದು ಬಡಿಸುವುದರಲ್ಲಿ. ಯಾರದಾದರೂ ತಟ್ಟೆ ಖಾಲಿಯಾದದ್ದು ಕಂಡರೆ ಸಾಕು, ಒಲೆ ಬಿಟ್ಟು ಬಂದು ಇನ್ನೊಂದು ಹಾಕಿಬಿಡುತ್ತಿದ್ದಳು. ನಮ್ಮ ಕಡೆಯವರು ನಗುತ್ತಾ ತಿನ್ನುತ್ತಿದ್ದರು. ಎರಡು ತಿಂಗಳಾದ ಮೇಲೆ ಹೊರದೇಶದ ಅತಿಥಿಯೊಬ್ಬರು ಎರಡು ಸಲ ಬೇಡವೆಂದರೂ ಬಿಸಿ ರೊಟ್ಟಿ ಅವರ ತಟ್ಟೆಗೆ ಬಿತ್ತು. ಬೇಡವೆಂದರೆ ಕೇಳದ ಹೋಟೆಲು ಇದು ಎಂದು ಅವರು ಇಂಟರ್ನೆಟ್ಟಿನಲ್ಲಿ ಬರೆದರು. ಮ್ಯಾನೇಜರ್ ಕೆಂಡಾಮಂಡಲವಾದರು. “ಹದಿನೈದು ದಿನ ಟೈಮ್ ಕೊಡ್ತೀನಿ ಮೇಡಂ. ತಿದ್ಕೊಂಡ್ರೆ ಸರಿ, ಇಲ್ಲಾಂದ್ರೆ ಕಳಿಸ್ಬಿಡಿ” ಎಂದರು.

ಅವಳನ್ನು ಕರೆದು ಕೇಳಿದೆ. ಅವಳಿಗೆ ತನ್ನ ತಪ್ಪೇನೆಂದು ನಿಜಕ್ಕೂ ತಿಳಿದಿರಲಿಲ್ಲ.

“ಅವ್ರು ಎರಡ ಸಲ ಅಂದ್ರು ಮೇಡಂ. ಮೊದಲ್ನೇ ಸಲ ಸಂಕೋಚಕ್ಕ ಬ್ಯಾಡ ಅಂತಾರ, ಎರಡನೇ ಸಲ ಮರ್ಯಾದಿಗೆ. ಮೂರನೇ ಸಲ ಅಂದ್ರ ಖರೇನ ಬ್ಯಾಡ. ಅವ್ರು ಮೂರನೇ ಸಲ ಅನ್ನಲೇ ಇಲ್ರೀ.”

ನನಗೆ ನಗುವೂ ಬಂತು, ಸಿಟ್ಟೂ ಬಂತು. ನಿಜ ಹೇಳಬೇಕೆಂದರೆ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದ ನನ್ನಮ್ಮನದೂ ಇದೇ ಪದ್ಧತಿ. ನಮ್ಮ ಮನೆಯಲ್ಲಿ ಮೊದಲ ಸಲವೇ ಹೂಂ ಅನ್ನುವ ನೆಂಟರನ್ನು ಹೊಟ್ಟೆಬಾಕರೆಂದು ಆಡಿಕೊಳ್ಳುತ್ತಿದ್ದರು. ಆದರೆ ಇದನ್ನೆಲ್ಲ ಮ್ಯಾನೇಜರಿಗೆ ವಿವರಿಸಲು ಹೋಗುವಷ್ಟು ಧೈರ್ಯ ನನಗಿರಲಿಲ್ಲ.

ದಿನಾ ಊಟದ ಗಲಾಟೆ ಮುಗಿದ ಮೇಲೆ ಸಿಬ್ಬಂದಿಯ ಕೋಣೆಯಲ್ಲಿ ನಾನು ಅತಿಥಿ, ಅವಳು ಬಡಿಸುವವಳು. ನಾನು ಬೇಡ ಎಂದರೂ ಅವಳ ಕೈ ತಾನಾಗಿ ಮುಂದೆ ಬರುತ್ತಿತ್ತು. “ಕೈ ಹಿಂದೆ ಕಟ್ಟು!” ಎಂದು ಗದರುತ್ತಿದ್ದೆ. ಬೇಡ ಅಂದ ತಕ್ಷಣ ಒಂದು ಹೆಜ್ಜೆ ಹಿಂದೆ, ಕೈ ಬೆನ್ನ ಹಿಂದೆ, ಮುಖದಲ್ಲಿ ನಗು. ಮೊದಮೊದಲು ಅವಳ ಕಣ್ಣಲ್ಲಿ ನೀರೇ ಬರುತ್ತಿತ್ತು.

“ಹಸದ ಎದ್ದು ಹೋದ್ರ ನಮಗ ಪಾಪ ಬರಂಗಿಲ್ಲೇನ್ರೀ?”

“ಹಸಿದವ್ರು ಬಾಯಿ ಬಿಟ್ಟು ಕೇಳ್ತಾರೆ ಕಣಮ್ಮ” ಎಂದೆ, ದೊಡ್ಡ ತಿಳಿದವಳ ಹಾಗೆ.

ಹದಿನೈದು ದಿನ ತುಂಬುವ ಮೊದಲೇ ಕಲಿತಳು. ಕಾಯಂ ಆದಳು. ಆ ಕಾಗದ ಅವಳ ಕೈಗೆ ಕೊಟ್ಟ ದಿನ ನನಗೇ ಬಡ್ತಿ ಸಿಕ್ಕಷ್ಟು ಖುಷಿಯಾಗಿತ್ತು.

ಮರುತಿಂಗಳು ಒಂದು ಭಾನುವಾರ ಪಟ್ಟಂದೂರು ಅಗ್ರಹಾರದ ತನ್ನ ಬಾಡಿಗೆ ಕೋಣೆಗೆ ಊಟಕ್ಕೆ ಕರೆದಳು. ರೊಟ್ಟಿಯ ಆಸೆಗೆ ನಾನು ಬೆಳಗಿನ ತಿಂಡಿ ಬಿಟ್ಟೇ ಹೋಗಿದ್ದೆ. ಗಂಡ ಕೆಲಸಕ್ಕೆ ಹೋಗಿದ್ದ. ಮಗಳು ಗೋಡೆಗೆ ಅಂಟಿಸಿದ್ದ ಶಾಲೆಯ ಟೈಮ್‌ಟೇಬಲ್ ತೋರಿಸಿ, ಈ ವರ್ಷ ತಾನು ಎಲ್ಲಿಗೂ ಹೋಗುವುದಿಲ್ಲವೆಂದು ಜಂಬದಿಂದ ಹೇಳಿದಳು. ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎರಡು ರೊಟ್ಟಿ ಹೇಗೆ ಖಾಲಿಯಾದವೋ ಗೊತ್ತಾಗಲಿಲ್ಲ. ಮೂರನೆಯದು ಹೆಂಚಿನ ಮೇಲೆ ಉಬ್ಬುತ್ತಿತ್ತು.

“ಇನ್ನೊಂದು ಹಾಕ್ಲೇನ್ರೀ?”

“ಬೇಡಮ್ಮ, ಸಾಕು” ಎಂದೆ. ಅಂಗೈಯನ್ನು ತಟ್ಟೆಗೆ ಅಡ್ಡ ಹಿಡಿದೆ, ಪಕ್ಕದಿಂದ ಒಂದು ರೊಟ್ಟಿ ಬೀಳುವಷ್ಟು ಜಾಗ ಬಿಟ್ಟುಕೊಂಡೇ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಕೈ ಬೆನ್ನ ಹಿಂದೆ ಹೋಯಿತು. ಮುಖದಲ್ಲಿ ನಗು ಬಂತು.

ನಾನು ಕಾದೆ. ಅವಳು ಮತ್ತೆ ಕೇಳಲಿಲ್ಲ. ಇನ್ನೊಂದು ಹಾಕು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ರೊಟ್ಟಿ ಬುಟ್ಟಿ ಸೇರಿತು.

“ಬರೋಬ್ಬರಿ ಮಾಡಿದ್ನಿಲ್ರೀ ಮೇಡಂ?” ಎಂದು ಕೇಳಿದಳು. ಅವಳ ದನಿಯಲ್ಲಿದ್ದ ಹೆಮ್ಮೆ ಕೇಳಿ ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. ಸರಿಯಾಗೇ ಮಾಡಿದೆ ಎಂದೆ. ಅವಳು ಮಗಳ ಕಡೆ ತಿರುಗಿ, “ಇವ್ರ ನನಗ ಕಲಿಸಿದ್ದು. ನೀನೂ ನೋಡಿ ಕಲಕೋ” ಎಂದಳು.

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ನನ್ನನ್ನು ನೋಡಿ ನಕ್ಕಳು. ನಾನು ಹಸಿದುಕೊಂಡೇ ಕೈ ತೊಳೆಯಲು ಎದ್ದೆ.