ಬೋಳುಹಣೆಯ ಭಾವಚಿತ್ರ

ಕೊಪ್ಪಳವು ಜಿಲ್ಲೆಯಾದ ವರ್ಷವೇ ಅಂದಪ್ಪನವರು ಕುಷ್ಟಗಿಯ ಬಸ್ ನಿಲ್ದಾಣದ ಎದುರಿಗೆ ಫೋಟೊ ಸ್ಟುಡಿಯೊ ತೆರೆದರು. ಹೊಸ ಜಿಲ್ಲೆಗೆ ಹೊಸ ಅರ್ಜಿಗಳು, ಅರ್ಜಿಗಳಿಗೆ ಹೊಸ ಮುಖಗಳು. ಪಡಿತರ ಚೀಟಿಗೆಂದು, ಪಿಂಚಣಿಗೆಂದು, ಶಾಲೆಯ ದಾಖಲೆಗೆಂದು ಸುತ್ತಲಿನ ಹಳ್ಳಿಗಳವರು ಬಂದು, ಅವರ ಮರದ ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕುಳಿತು, ಎದ್ದು ಹೋಗುತ್ತಿದ್ದರು. ಮದುವೆಗೆ ಕಲರ್ ಫಿಲ್ಮು, ಅರ್ಜಿಗೆ ಕಪ್ಪು-ಬಿಳುಪು. ಅದು ಆ ಕಾಲದ ರೂಢಿ. ಕಲರ್ ರೀಲುಗಳು ಗಂಗಾವತಿಯ ಲ್ಯಾಬಿಗೆ ಹೋಗುತ್ತಿದ್ದವು. ಕಪ್ಪು-ಬಿಳುಪನ್ನು ಅಂದಪ್ಪನವರು ಅಂಗಡಿಯ ಹಿಂದಿನ ಕತ್ತಲಕೋಣೆಯಲ್ಲಿ ತಾವೇ ತೊಳೆಯುತ್ತಿದ್ದರು.

ಅವರದೊಂದು ನೇಮವಿತ್ತು. ತಮ್ಮ ಮತದವರಾರಾದರೂ ವಿಭೂತಿಯಿಲ್ಲದ ಹಣೆಯಲ್ಲಿ ಬಂದು ಕುಳಿತರೆ ಅವರು ಕ್ಯಾಮೆರಾ ಮುಟ್ಟುತ್ತಿರಲಿಲ್ಲ.

"ಸರಕಾರಕ್ಕ ನಿನ್ನ ಮಾರಿ ಸಾಕು. ನನಗ ನಿನ್ನ ಹಣಿ ಬೇಕು. ಹಚ್ಚಿಕೊಂಡು ಬಾ, ಹೋಗು," ಎಂದು ಎಬ್ಬಿಸಿ ಕಳುಹಿಸುತ್ತಿದ್ದರು.

"ಸ್ಟುಡಿಯೊ ಅಲ್ಲೋ ಮಾರಾಯ, ಮಠ ಅದು," ಎಂದು ಸಂತೆಗೆ ಬಂದವರು ನಗುತ್ತಿದ್ದರು. ಆ ನಗೆಯೊಳಗಿನ ಹೊಗಳಿಕೆಯನ್ನು ಅಂದಪ್ಪನವರು ಕಲ್ಲುಸಕ್ಕರೆಯಂತೆ ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದರು. ಭಕ್ತಿಗೆ ಅಂಟುವ ಹೆಮ್ಮೆಗೆ ರುಚಿ ಹೆಚ್ಚು. ಅದು ಭಕ್ತಿಯ ವೇಷದಲ್ಲಿಯೇ ಇರುವುದರಿಂದ ಯಾರೂ ಅದನ್ನು ಹಿಡಿದು ಕೇಳಲಾರರು.

ಕಾಲ ಸರಿಯಿತು. ಪ್ರತಿ ಅಂಗಿಯ ಜೇಬಿಗೂ ಒಂದು ಕ್ಯಾಮೆರಾ ಬಂದಿತು. ಅಂದಪ್ಪನವರು ಅಂಗಡಿ ಮುಚ್ಚಿ, ಹೆಂಡತಿ ಶಿವಲೀಲಾ ಅವರೊಡನೆ ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಬಂದು ನೆಲೆಸಿದರು. ಜೊತೆಗೆ ಬಂದದ್ದು ಡಬ್ಬಿಗಳಲ್ಲಿಯೂ ಚೀಲಗಳಲ್ಲಿಯೂ ತುಂಬಿದ ನೆಗೆಟಿವ್‌ಗಳ ರಾಶಿ. ಅಕ್ಕಿಯ ಡಬ್ಬಿಯಿಡಲು ಜಾಗವಿಲ್ಲದೆ ಶಿವಲೀಲಾ ಒಂದು ದಿನ ಕಡ್ಡಿ ಮುರಿದಂತೆ ಹೇಳಿಯೇ ಬಿಟ್ಟರು.

"ಈ ಮನ್ಯಾಗ ರೀಲ್ ಇರಬೇಕು, ಇಲ್ಲಾ ನಾ ಇರಬೇಕು. ವಿಚಾರ ಮಾಡ್ರಿ."

"ಎಲ್ಲಾ ಕಂಪ್ಯೂಟರಿಗೆ ಹಾಕಿಬಿಡ್ತೀನಿ. ಒಂದು ಸಣ್ಣ ಡಬ್ಬಿ ಆಗ್ತೈತಿ, ನಿನ್ನ ಎಲಿಅಡಕಿ ಚೀಲದಷ್ಟು," ಎಂದು ಅಂದಪ್ಪನವರು ಮಾತು ಕೊಟ್ಟರು.

ಗಂಗಾವತಿಯ ಲ್ಯಾಬು ಮುಚ್ಚಿದಾಗ ಅಲ್ಲಿಯ ಫಿಲ್ಮ್ ಸ್ಕ್ಯಾನರ್ ಅವರ ಪಡಸಾಲೆಗೆ ಬಂದಿತು. ಯಂತ್ರವನ್ನು ನಡೆಸಲು ತಂತ್ರಾಂಶ ಬೇಕಷ್ಟೆ. ಮೂರು ಸಿಕ್ಕವು. ಮೂರನ್ನೂ ಕಂಪ್ಯೂಟರಿನಲ್ಲಿ ಕೂರಿಸಿ, ಮೂರಕ್ಕೂ ಹೆಸರಿಟ್ಟರು. ಯಂತ್ರದೊಡನೆಯೇ ಬಂದದ್ದು 'ಮನೆಯಳಿಯ': ಹೇಳಿದಷ್ಟು ಮಾಡುತ್ತದೆ, ಮನಸ್ಸಿದ್ದರೆ. ದುಡ್ಡು ಕೊಟ್ಟು ತಂದದ್ದು 'ಗೌಡ': ಅದರಲ್ಲಿ ಎಲ್ಲವೂ ತಾನಾಗಿಯೇ ನಡೆಯುತ್ತದೆ, ಕೇಳುವುದು ಹೇಳುವುದು ಕಡಿಮೆ. ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆ ಪುಕ್ಕಟೆಯಾಗಿ ಬಿಟ್ಟದ್ದು 'ದಾಸೋಹ': ಪಂಕ್ತಿಯಲ್ಲಿ ಕುಳಿತು ಕಾಯಬೇಕು. ಒಂದೊಂದು ಚಿತ್ರಕ್ಕೂ ಬೆಳಕು, ನೆರಳು, ಅಂಚು ಎಲ್ಲವನ್ನೂ ಕೈಯಾರೆ ಹೊಂದಿಸಬೇಕು. ಧೂಳು ಕಂಡರೆ ಕಣ್ಣಾರೆ ನೋಡಿ ಕೈಯಾರೆ ಒರೆಸಬೇಕು.

ಅಂದಪ್ಪನವರು ಒಂದೇ ರೀಲನ್ನು ಮೂರರಲ್ಲಿಯೂ ಹಾಯಿಸಿ ಪರೀಕ್ಷಿಸಿದರು. ಯಲಬುರ್ಗಿಯ ಮದುವೆಯೊಂದರ ಕಲರ್ ರೀಲದು. ಮನೆಯಳಿಯನಲ್ಲಿ ಮದುಮಗಳ ಕೆನ್ನೆ ಅರಿಸಿನಕ್ಕಿಂತ ಹಳದಿಯಾಯಿತು. ದಾಸೋಹದಲ್ಲಿ ಬಣ್ಣ ಚೆನ್ನಾಗಿ ಬಂದರೂ ಗೀರು, ಕೂದಲೆಳೆ, ಧೂಳಿನ ಚುಕ್ಕೆ ಎಲ್ಲವೂ ಹಾಗೆಯೇ ಉಳಿದವು. ಗೌಡನಲ್ಲಿ 'ಧೂಳು ತೆಗೆ' ಎಂಬ ಗುಂಡಿಯಿತ್ತು. ಒತ್ತಿದರು. ಮದುವೆಯ ಮನೆ ಈಗತಾನೆ ಸಾರಿಸಿದಂತೆ ಹೊಳೆಯಿತು.

"ಬಾ ಇಲ್ಲಿ, ನೋಡು!" ಎಂದು ಹೆಂಡತಿಯನ್ನು ಕರೆದರು. "ಧೂಳ ಯಾವುದು, ಚಿತ್ರ ಯಾವುದು, ತಾನ ಹುಡುಕಿ ತೆಗಿತೈತಿ ಇದು."

ಶಿವಲೀಲಾ ಕಸಬರಿಗೆ ಹಿಡಿದೇ ಬಂದು ನೋಡಿದರು. "ಮನಿ ಕಸಾನೂ ತಗದ್ರ ನಾನೂ ಒಂದು ತರ್ತೀನಿ. ಒಂದ ರೀಲ್ ನೋಡಿ ಎಲ್ಲಾದಕ್ಕೂ ಇದ ಛಲೋ ಅಂತೀರಲ್ಲ? ಸಾವಕಾಶ ಒಂದೊಂದ ನೋಡಿ ಮಾಡ್ರಿ."

"ಒಂದೊಂದ ನೋಡಿದ್ರ ಈ ಜನ್ಮದಾಗ ಮುಗಿಯೂದಿಲ್ಲ," ಎಂದು ಅಂದಪ್ಪನವರು ಗೌಡನನ್ನೇ ಆರಿಸಿದರು. ನೆಗೆಟಿವ್‌ಗಳನ್ನು ಚೌಕಟ್ಟಿಗೆ ಹಾಕಿ, ಗುಂಡಿಯೊತ್ತಿ, ಎಲ್ಲಕ್ಕೂ ಒಂದೇ ಅಪ್ಪಣೆ ಕೊಟ್ಟು, ಕೈಕಾಲು ತೊಳೆದು ಲಿಂಗಪೂಜೆಗೆ ಕುಳಿತುಬಿಡುವರು. ಇತ್ತ ಅಂಗೈಯಲ್ಲಿ ಇಷ್ಟಲಿಂಗ, ಅತ್ತ ಯಂತ್ರದ ಗುಂಯ್‌ಗುಟ್ಟುವಿಕೆ. ತಾವು ಶಿವನನ್ನು ನೆನೆಯುವಾಗ ಯಂತ್ರವು ತಮ್ಮ ಕಾಯಕವನ್ನು ಮಾಡಿಕೊಡುವುದೆಂಬುದು ಅವರಿಗೆ ಎಷ್ಟು ಹಿತವೆನಿಸಿತೆಂದರೆ, ಪೂಜೆಯ ಹೊತ್ತು ದಿನದಿಂದ ದಿನಕ್ಕೆ ಉದ್ದವಾಯಿತು. ಮುಗಿದ ನೆಗೆಟಿವ್‌ಗಳಲ್ಲಿ ಕಪ್ಪು-ಬಿಳುಪಿನವನ್ನು ಗಂಗಾವತಿಯ ಗುಜರಿ ವ್ಯಾಪಾರಿ ನಜೀರಸಾಬರಿಗೆ ಮಾರಿದರು. ಹಳೆಯ ಫಿಲ್ಮಿನಲ್ಲಿ ಬೆಳ್ಳಿಯಿರುತ್ತದೆ. ಅದನ್ನು ತೆಗೆಯುವವರಿಗೆ ನಜೀರಸಾಬರು ಕಳುಹಿಸುತ್ತಿದ್ದರು.

"ಎಲ್ಲಾ ಕಂಪ್ಯೂಟರಿನ್ಯಾಗ ಭದ್ರ ಐತಿ ಸಾಬ್ರ, ಒಯ್ಯಿರಿ," ಎಂದು ಅಂದಪ್ಪನವರು ತಾವೇ ಚೀಲಕ್ಕೆ ಕೈಹಚ್ಚಿ ಆಟೋಕ್ಕೆ ಏರಿಸಿದ್ದರು.

ಆ ದಿನಗಳಲ್ಲಿಯೇ ಕುಷ್ಟಗಿಯಿಂದ ಶಿವಬಸಮ್ಮನ ಕರೆ ಬಂದಿತು. ಆಕೆಯ ಗಂಡ ಪ್ರಭುರಾಜ ಅಂದಪ್ಪನವರ ಸ್ಟುಡಿಯೊದ ಪಕ್ಕದಲ್ಲಿಯೇ ಕಾಳಿನ ಅಂಗಡಿಯಿಟ್ಟಿದ್ದವರು. ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದರು. ಇದ್ದ ಒಂದೇ ಫೋಟೊವನ್ನು ಗೋಡೆಯ ತೇವ ತಿಂದುಹಾಕಿತ್ತು.

"ಮಗಳ ಲಗ್ನ ಐತ್ರಿ ಅಣ್ಣಾರ. ಅಕಿ ಅಪ್ಪನ ಮಾರಿ ನೋಡಿಲ್ಲ. ಅಕ್ಕಿಕಾಳು ಬೀಳೂಮುಂದ ಎದುರಿಗೆ ಅವರ ಫೋಟೋ ಇರಲಿ ಅಂತ ಆಸೆ. ನಿಮ್ಮ ಹತ್ರ ರೀಲ್ ಇದ್ದೀತೇನ್ರಿ?"

"ಐತಿ ತಂಗಿ. ನಿಮ್ಮ ಮನಿಯವರು ಎದ್ದು ಬಂದು ಕೂತಂಗ ಮಾಡಿ ತರ್ತೀನಿ," ಎಂದರು ಅಂದಪ್ಪನವರು.

ಗೌಡನು ತೆಗೆದಿಟ್ಟ ಕಪ್ಪು-ಬಿಳುಪು ಚಿತ್ರಗಳ ರಾಶಿಯಲ್ಲಿ ಪ್ರಭುರಾಜರು ಸಿಕ್ಕರು. ಪರದೆಯ ಮೇಲೆ ಅಂದಪ್ಪನವರು ಮೂಲೆಗಳನ್ನು ನೋಡಿದರು: ಒಂದು ಚುಕ್ಕೆಯಿಲ್ಲ. ಹಿಂದಿನ ಪರದೆಯನ್ನು ನೋಡಿದರು: ಒಂದು ಗೀರಿಲ್ಲ. ಬಿಳಿಯ ಅಂಗಿ ಕೊಂಚ ಮಸುಕಾಗಿ, ಹಿಟ್ಟು ಮೆತ್ತಿದಂತೆ ಕಂಡಿತು. ಹಳೆಯ ಫಿಲ್ಮಲ್ಲವೇ ಎಂದುಕೊಂಡರು. ಮುಖವನ್ನೂ ನೋಡಿದರು. ಆದರೆ ಬಹುಕಾಲದ ಗೆಳೆಯನ ಮುಖವನ್ನು ಯಾರು ಓದುತ್ತಾರೆ? ಇರಬೇಕಾದುದನ್ನು ಮನಸ್ಸೇ ತುಂಬಿಕೊಡುತ್ತದೆ. ದೊಡ್ಡದಾಗಿ ಮುದ್ರಿಸಿ, ಗಾಜು ಹಾಕಿಸಿ, ಮಡಿ ಟವೆಲಿನಲ್ಲಿ ಸುತ್ತಿಕೊಂಡು ಲಗ್ನದ ಹಿಂದಿನ ದಿನ ಕುಷ್ಟಗಿಗೆ ಹೋದರು.

ಮನೆಯ ತುಂಬ ನೆಂಟರಿದ್ದರು. ಅಂದಪ್ಪನವರು ಟವೆಲು ಬಿಚ್ಚಿ ಪಟವನ್ನು ಮಣೆಯ ಮೇಲೆ ನಿಲ್ಲಿಸಿದರು.

"ಎವ್ವಾ, ಎಷ್ಟು ಸ್ವಚ್ಛ ಬಂದೈತಿ!" ಎಂದಳು ಒಬ್ಬಳು.

"ಅಂದಪ್ಪಣ್ಣನ ಕೈ ಅಂದ್ರ ಸುಮ್ನಲ್ಲ," ಎಂದ ಮತ್ತೊಬ್ಬ.

ಮದುಮಗಳು ಬಂದು ನಿಂತು ತನ್ನ ತಂದೆಯನ್ನು ಮೊದಲ ಬಾರಿಗೆ ನೋಡಿದಳು. ಶಿವಬಸಮ್ಮ ಬೆರಳಿಗೆ ವಿಭೂತಿ ತೇದುಕೊಂಡು ಪಟದ ಮುಂದೆ ಕುಳಿತಳು. ಹಣೆಯ ಮೇಲಿನ ಪಟ್ಟೆಗಳ ಮೇಲೆಯೇ ಗಾಜಿಗೆ ಪಟ್ಟೆಯೆಳೆಯುವುದು ಮನೆಮನೆಯ ಪದ್ಧತಿ. ಅವಳ ಮೂರು ಬೆರಳು ಗಾಜಿನ ಹತ್ತಿರ ಹೋಗಿ ನಿಂತವು. ಎಳೆಯುವುದಕ್ಕೆ ಕೆಳಗೆ ಪಟ್ಟೆಗಳಿರಲಿಲ್ಲ. ಅವಳು ತಲೆಯೆತ್ತಿ ಅಂದಪ್ಪನವರನ್ನು ನೋಡಿದಳು.

ಆಗ ಅಂದಪ್ಪನವರು ನೋಡಿದರು. ಪ್ರಭುರಾಜರ ಹಣೆ ಬೋಳಾಗಿತ್ತು. ವಿಭೂತಿಯಿದ್ದೆಡೆಯಲ್ಲಿ ಹಣೆಯ ಬಣ್ಣವೇ ನುಣ್ಣಗೆ ಹರಡಿತ್ತು. ಕಣ್ಣೊಳಗಿನ ಬೆಳಕಿನ ಚುಕ್ಕೆಗಳೂ ಹೋಗಿ, ನೋಟವು ನೀರಾರಿದ ಬಾವಿಯಂತಿತ್ತು. ಬರಿಹಣೆಯವರನ್ನು ಸ್ಟೂಲಿನಿಂದ ಎಬ್ಬಿಸಿ ಕಳುಹಿಸಿದವರು ತಮ್ಮ ಗೆಳೆಯನ ಹಣೆಯನ್ನು ತಾವೇ ಬರಿದು ಮಾಡಿ, ಗಾಜು ಹಾಕಿಸಿ, ಆತನ ಮಗಳ ಲಗ್ನಕ್ಕೆ ತಂದಿದ್ದರು.

ಶಿವಬಸಮ್ಮ ಬೇಗ ಬೇಗ ದಪ್ಪನೆಯ ಮೂರು ಪಟ್ಟೆಗಳನ್ನು ಹಣೆಯ ತುಂಬ ಎಳೆದು, ಹೂವಿನ ಹಾರವನ್ನು ಕೆಳಕ್ಕೆ ಜಗ್ಗಿ, ಅಂಗಿಯ ಮಸುಕನ್ನೂ ಮುಚ್ಚಿದಳು. ನೆಂಟರಲ್ಲಿ ಯಾರಿಗೂ ತಿಳಿಯಲಿಲ್ಲ. "ಊಟ ಮಾಡಿ ಹೋಗ್ರಿ ಅಣ್ಣಾರ," ಎಂದು ಮಾತ್ರ ಹೇಳಿದಳು. ಬೈದಿದ್ದರೆ ಅಂದಪ್ಪನವರಿಗೆ ನಿಲ್ಲಲು ಒಂದು ನೆಲವಾದರೂ ಸಿಗುತ್ತಿತ್ತು. ಎಲೆಯ ಮುಂದೆ ಕುಳಿತರು. ಪಕ್ಕದವನೊಬ್ಬ ಫೋಟೊವನ್ನು ಹೊಗಳಿದ. ಅಂದಪ್ಪನವರು ಹುಗ್ಗಿಯನ್ನು ಎಲೆಯಲ್ಲಿಯೇ ಬಿಟ್ಟು ಎದ್ದರು.

ಮನೆಗೆ ಬಂದು ಉಳಿದ ಚಿತ್ರಗಳನ್ನು ತೆರೆದರು. ಕಲರ್ ಚಿತ್ರಗಳೆಲ್ಲ ಸರಿಯಾಗಿದ್ದವು. ಕಪ್ಪು-ಬಿಳುಪಿನವುಗಳಲ್ಲಿ ಹಣೆಗೆ ಹಣೆ ಬರಿದಾಗಿತ್ತು. ಮುದುಕಿಯರ ಮೂಗುಬೊಟ್ಟಿನ ಹೊಳಪು ಹೋಗಿತ್ತು. ಪಿಂಚಣಿಗೆಂದು ಬಂದ ಮಾಶಾಬಿಯ ಸೆರಗಿನ ಜರಿಯಂಚು ಅಳಿದಿತ್ತು. ಹುಡುಗಿಯರ ಜಡೆಯ ಮಲ್ಲಿಗೆ ಮಂಜಿನಂತೆ ಕಲಸಿಹೋಗಿತ್ತು. ಕನ್ನಡಕ ಒರೆಸಿಕೊಂಡು ಗೌಡನ ಸಹಾಯದ ಪುಟವನ್ನು ಆಗ ಓದಿದರು. ಯಂತ್ರವು ಕಣ್ಣಿಗೆ ಕಾಣದ ಬೆಳಕೊಂದನ್ನು ಹಾಯಿಸುತ್ತದೆ. ಕಲರ್ ಫಿಲ್ಮು ಅದನ್ನು ಬಿಟ್ಟುಕೊಡುತ್ತದೆ, ಧೂಳು ತಡೆಯುತ್ತದೆ. ತಡೆದದ್ದನ್ನೆಲ್ಲ ತಂತ್ರಾಂಶವು ಧೂಳೆಂದು ತೆಗೆದು, ಅಕ್ಕಪಕ್ಕದ ಬಣ್ಣದಿಂದ ತುಂಬುತ್ತದೆ. ಕಪ್ಪು-ಬಿಳುಪು ಫಿಲ್ಮಿನ ಬೆಳ್ಳಿಯೂ ಆ ಬೆಳಕನ್ನು ತಡೆಯುವುದರಿಂದ ಅಂಥ ಫಿಲ್ಮಿಗೆ ಈ ಗುಂಡಿಯನ್ನು ಒತ್ತಬಾರದು.

ಚಿತ್ರದಲ್ಲಿ ಬಿಳಿಯಾಗಿ ಕಾಣುವೆಡೆಯಲ್ಲಿಯೇ ನೆಗೆಟಿವ್‌ನಲ್ಲಿ ಬೆಳ್ಳಿ ದಟ್ಟವಾಗಿರುತ್ತದೆ. ಇದನ್ನು ಅಂದಪ್ಪನವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕತ್ತಲಕೋಣೆಯಲ್ಲಿ ಆ ಬೆಳ್ಳಿಯನ್ನು ತೊಳೆದ ಕೈಗಳೇ ಅವರವು. ಬೆಳ್ಳಿಯಿದೆಯೆಂದೇ ಚೀಲ ಕಟ್ಟಿ ಮಾರಿದವರೂ ಅವರೇ. ಮಾರುವಾಗ ನೆನಪಿದ್ದದ್ದು ಆರಿಸುವಾಗ ನೆನಪಿರಲಿಲ್ಲ.

"ಏನಾತ್ರಿ?" ಎಂದರು ಶಿವಲೀಲಾ.

"ನೀ ಹೇಳಿದಂಗ ಒಂದೊಂದ ನೋಡಬೇಕಿತ್ತು," ಎಂದು ಮಾತ್ರ ಹೇಳಿ, ಮರುದಿನ ಲಗ್ನಕ್ಕೆ ಹೋಗದೆ ಮೊದಲ ಬಸ್ಸಿಗೆ ಗಂಗಾವತಿಗೆ ಹೋದರು.

ನಜೀರಸಾಬರು ತೂಕದ ಕಲ್ಲುಗಳ ನಡುವೆ ಕುಳಿತು ಚಹಾ ಕುಡಿಯುತ್ತಿದ್ದರು. ವಿಷಯ ಕೇಳಿ ಬಸಿಯನ್ನು ಕೆಳಗಿಟ್ಟರು.

"ಅರೆ ಅಂದಪ್ಪಣ್ಣ! ಅದು ಹೋಗಿ ಭಾಳ ದಿನ ಆತಲ್ರಿ. ಕರಗಿ ಈಗ ಯಾವ ಹುಡುಗಿ ಕಾಲಚೈನ್ ಆಗಿ ಝಣಝಣ ಅನ್ನಾಕ ಹತ್ತೇತೋ, ಅಲ್ಲಾಗ ಗೊತ್ತು."

"ಒಂದಾದ್ರೂ ಉಳಿದಿರಬೇಕು ಸಾಬ್ರ. ಹುಡುಕ್ತೀನಿ, ಬಿಡ್ರಿ ಒಳಗ."

"ಹುಡುಕ್ರಿ. ಬ್ಯಾಡ ಅನ್ನಂಗಿಲ್ಲ. ಆದ್ರ ಭದ್ರ ಐತಿ, ಒಯ್ಯಿರಿ ಅಂದವರು ನೀವ ಅಲ್ಲೇನ್ರಿ? ನಾ ಎರಡು ಸಲ ಕೇಳಿದ್ದೆ."

ಅಂದಪ್ಪನವರು ತಗಡು, ಸೀಸೆ, ರದ್ದಿಗಳ ನಡುವೆ ಮಧ್ಯಾಹ್ನದವರೆಗೆ ಹುಡುಕಿದರು. ಫಿಲ್ಮಿನ ಒಂದು ತುಣುಕೂ ಸಿಗಲಿಲ್ಲ. ನಜೀರಸಾಬರು ಅವರ ಅಂಗಿಗೆ ಹತ್ತಿದ ಧೂಳನ್ನು ತಾವೇ ಕೊಡವಿ, ಬಸ್ಸಿನವರೆಗೂ ಬಂದು ಬಿಟ್ಟರು.

ಇನ್ನುಳಿದದ್ದು ಒಂದೇ ದಾರಿ. ಕಂಪ್ಯೂಟರಿನ ಕುಂಚ ಹಿಡಿದು ಅಂದಪ್ಪನವರು ಪ್ರಭುರಾಜರ ಹಣೆಗೆ ಮೂರು ಪಟ್ಟೆ ಬರೆದರು, ಕಣ್ಣುಗಳಿಗೆ ಬೆಳಕಿನ ಚುಕ್ಕೆಯಿಟ್ಟರು. ಅಳಿಸಿದರು, ಮತ್ತೆ ಬರೆದರು. ಪಟ್ಟೆಗಳು ನೇರವಾಗಿದ್ದವೋ, ಎಡಕ್ಕೆ ಕೊಂಚ ಇಳಿದಿದ್ದವೋ ನೆನಪಾಗಲೊಲ್ಲದು. ವರ್ಷಗಟ್ಟಲೆ ದಿನವೂ ಕಂಡ ಹಣೆ. ಅದರ ಮೇಲೆ ವಿಭೂತಿಯಿದೆಯೇ ಎಂದು ನೋಡಿದ್ದರೇ ಹೊರತು, ವಿಭೂತಿ ಹೇಗಿದೆ ಎಂದು ಅವರು ನೋಡಿದವರಲ್ಲ. ಕಡೆಗೆ ಯಾರೂ ತಪ್ಪು ಹಿಡಿಯಲಾರದಂತೆ ಚಿತ್ರ ಸಿದ್ಧವಾಯಿತು. ಅದನ್ನೂ ಗಾಜು ಹಾಕಿಸಿಕೊಂಡು ಕುಷ್ಟಗಿಗೆ ಹೋದರು.

ಲಗ್ನ ಮುಗಿದು ಮನೆ ಬರಿದಾಗಿತ್ತು. ಶಿವಬಸಮ್ಮ ಒಬ್ಬಳೇ ಹಂದರದ ಗಳುಗಳನ್ನು ಗೋಡೆಗೆ ಒರಗಿಸುತ್ತಿದ್ದಳು. ಅಂದಪ್ಪನವರು ಕಟ್ಟೆಯ ಮೇಲೆ ಕುಳಿತು ನಡೆದುದನ್ನೆಲ್ಲ ಹೇಳಿದರು: ಗುಂಡಿಯನ್ನು, ಪೂಜೆಗೆ ಕುಳಿತುದನ್ನು, ಚೀಲವನ್ನು ಮಾರಿದುದನ್ನು. ಆಮೇಲೆ ಹೊಸ ಪಟವನ್ನು ತೆಗೆದು ಅವಳ ಕೈಗೆ ಕೊಟ್ಟರು.

"ಇದನ್ನ ಹಾಕು ತಂಗಿ. ಅದನ್ನ ನಾ ಒಯ್ತೀನಿ."

ಅವಳು ಪಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಲಗ್ನದಾಗ ಭಾಳ ಮಂದಿ ಕೇಳಿದ್ರು ಅಣ್ಣಾರ, ಇಷ್ಟು ಛಲೋ ಯಾರು ಮಾಡ್ಯಾರ ಅಂತ. ನಾ ನಿಮ್ಮ ಹೆಸರ ಹೇಳಲಿಲ್ಲ. ಹೊಗಳಿಸಿಕೊಂಡ್ರ ನಿಮಗ ಸಂಕಟ ಆಗ್ತಿತ್ತು."

ಅಂದಪ್ಪನವರು ತಲೆ ತಗ್ಗಿಸಿದರು.

"ಇದು ನೀವು ಹಚ್ಚಿದ್ದು," ಎಂದಳು ಅವಳು, ಗಾಜಿನ ಮೇಲೆ ಬೆರಳಿಟ್ಟು. "ಗ್ವಾಡಿಮ್ಯಾಗಿನದಕ್ಕ ನಾ ದಿನಾ ಜಳಕ ಮಾಡಿ ಹಚ್ಚತೀನಿ. ಅವರು ತಮ್ಮ ಕೈಲೆ ಹಚ್ಚಿಕೊಂಡಿದ್ದು ಇತ್ತಲ್ರಿ, ಅದು ಬೇಕಾಗಿತ್ತು ನನಗ. ಮಗಳಿಗೆ ತೋರಸಬೇಕಿತ್ತು."

"ಅದು ಇಲ್ಲವ್ವ," ಎಂದರು ಅಂದಪ್ಪನವರು.

"ಇಲ್ಲಂದ್ರ ಇರಲಿ ಬಿಡ್ರಿ. ಗ್ವಾಡಿಮ್ಯಾಗಿನದ ಇರಲಿ." ಪಟವನ್ನು ಅವಳು ಅವರ ಮಡಿಲಿಗೆ ಮರಳಿಸಿ, ಚಹಾ ಮಾಡಲು ಒಳಗೆ ಹೋದಳು.

ಭಾಗ್ಯನಗರಕ್ಕೆ ಬಂದಾಗ ಶಿವಲೀಲಾ ಟವೆಲಿನ ಗಂಟನ್ನು ನೋಡಿ, "ಒಲ್ಲೆ ಅಂದ್ಳೇನ್ರಿ?" ಎಂದು ಕೇಳಿದರು. ಅಂದಪ್ಪನವರು ಶಿವಬಸಮ್ಮನ ಮಾತುಗಳನ್ನು ಒಂದನ್ನೂ ಬಿಡದೆ, ಅವಳು ಹೇಳಿದ ಕ್ರಮದಲ್ಲಿಯೇ ಹೇಳಿದರು. ತೀರಿದವರ ಪಟ, ಎಸೆಯುವಂತಿಲ್ಲ, ತಮ್ಮ ಗೋಡೆಗೆ ಹಾಕುವಂತಿಲ್ಲ. ಅಂದಪ್ಪನವರು ಅದನ್ನು ಕಪಾಟಿನಲ್ಲಿ ಮುಖ ಒಳಗಾಗಿ ನಿಲ್ಲಿಸಿದರು. ಆಮೇಲೆ ಕಂಪ್ಯೂಟರಿನಿಂದ ಗೌಡನನ್ನು ತೆಗೆದುಹಾಕಿ, ದಾಸೋಹವನ್ನು ತೆರೆದು, ಇನ್ನೂ ಯಂತ್ರಕ್ಕೆ ಹಾಕದೆ, ಮಾರದೆ ಉಳಿದಿದ್ದ ಕಪ್ಪು-ಬಿಳುಪಿನ ಚೀಲದಿಂದ ಒಂದು ನೆಗೆಟಿವ್ ತೆಗೆದರು. ಪರದೆಯ ಮೇಲೆ ಯಾರೋ ಹೊಲದ ಕೆಲಸದ ಹೆಣ್ಣುಮಗಳು ಮೂಡಿದಳು. ಮುಖದ ಮೇಲೆ ಧೂಳಿನ ಚುಕ್ಕೆಗಳಿದ್ದವು, ಮೂಗಿನ ಮೇಲೊಂದು ಬಿಳಿಯ ಚುಕ್ಕೆಯಿತ್ತು. ಅದು ಧೂಳೋ ಮೂಗುಬೊಟ್ಟೋ ಎಂದು ಅವರಿಗೆ ತಿಳಿಯಲಿಲ್ಲ. ಹೆಂಡತಿಯನ್ನು ಕರೆದು ಕೇಳಿದರು. ಅವರಿಗೂ ತಿಳಿಯಲಿಲ್ಲ. ಅಂದಪ್ಪನವರು ಅದನ್ನು ಒರೆಸದೆ ಬಿಟ್ಟರು.