ನೀರು ಬಂದರೆ ಬೈಯುವ ಊರಿನಲ್ಲಿ

ಬಸವಾಪಟ್ಟಣಕ್ಕೆ ಬಂದ ಮೂರನೆಯ ದಿನ ಒಬ್ಬ ಹೆಂಗಸು ನೀರಿಗೆ ಬೈಯುವುದನ್ನು ಕೇಳಿದೆ.

ಹಾಲಮ್ಮ ಎಂದು ಆಕೆಯ ಹೆಸರು. ಐವತ್ತು ದಾಟಿದ ವಿಧವೆ. ಹಿತ್ತಲಿನ ಕೊಟ್ಟಿಗೆಗೆ ಹೊಸ ಕಂಬ ನೆಡಬೇಕು, ಗುಣಿ ತೋಡಿಕೊಡು ಎಂದು ನನ್ನನ್ನು ಕೂಲಿಗೆ ಕರೆದಿದ್ದರು. ಹಾರೆಯಲ್ಲಿ ನಾಲ್ಕು ಏಟು ಹಾಕಿ ಒಂದು ಮೊಳ ಮಣ್ಣು ಎತ್ತಿದ್ದೆನೋ ಇಲ್ಲವೋ, ಗುಣಿಯ ತಳ ಕಪ್ಪಾಯಿತು. ಆಮೇಲೆ ಹೊಳೆಯಿತು. ನೋಡುನೋಡುತ್ತಿದ್ದಂತೆ ಅಂಗೈಯಷ್ಟು ನೀರು ನಿಂತಿತು. ನಾನು ಹಾರೆ ಬಿಟ್ಟು, ಚಪ್ಪಲಿ ಕಳಚಿ ಕೈಮುಗಿದೆ.

ಹಾಲಮ್ಮ ಬಗ್ಗಿ ನೋಡಿದರು. "ಥೂ, ಇದರ ಮನೆ ಹಾಳಾಗ! ಇಲ್ಲೂ ಬಂತಾ ನೀರು? ಇನ್ನು ಕಂಬ ನಿಂತಂಗೇ!" ಎಂದರು. ನನ್ನ ಕಡೆ ತಿರುಗಿ, "ನೀನ್ಯಾಕಪ್ಪ ಕೈ ಮುಗಿದು ನಿಂತಿದ್ದೀ? ಗುಣಿಯಾಗೆ ದೇವರು ಎದ್ದನಾ?" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ನಾನು ಜಗಳೂರು ಸೀಮೆಯ ಬಾವಿ ತೋಡುವವನು. ಅರವತ್ತು ಅಡಿ ಇಳಿದು, ಬಂಡೆ ಸೀಳಿ, ಕೊಡದಷ್ಟು ನೀರು ಕಂಡರೆ ಊರಿಗೆ ಊರೇ ಬಂದು ಬಾವಿಯೊಳಗೆ ಇಣುಕುತ್ತಿತ್ತು. ಇಲ್ಲಿ ಭದ್ರಾ ನಾಲೆ ಬಂದು ಎಷ್ಟೋ ವರ್ಷವಾಗಿ ನೆಲ ನೀರು ಕುಡಿದು ಕುಡಿದು ಸಾಕಾಗಿ ವಾಂತಿ ಮಾಡುತ್ತಿತ್ತು. ನನ್ನ ಕಸುಬಿಗೆ ಇಲ್ಲಿ ಬೆಲೆಯೇ ಇಲ್ಲ ಎಂದು ಆ ಗುಣಿಯ ಮುಂದೆ ನಿಂತಾಗಲೇ ಗೊತ್ತಾಯಿತು. ಬೆಲೆ ಇಲ್ಲದ ಊರೇ ಬೇಕೆಂದು ಹುಡುಕಿಕೊಂಡು ಬಂದವನು ನಾನು.

ಇನ್ನೊಂದು ಮಾತನ್ನೂ ಮುಚ್ಚಿಡದೆ ಬರೆಯಬೇಕು. ನೀರು ಕಂಡ ಕೂಡಲೇ ನನ್ನ ಬಾಯಿ ಸಾರಾಯಿ ಕೇಳಿತು.

ನಮ್ಮ ಕಡೆಯವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಬಾವಿಯಲ್ಲಿ ಮೊದಲ ಒಸರು ಕಂಡ ದಿನ ಯಜಮಾನ ಕಾಯಿ ಒಡೆದು ಗಂಗವ್ವನಿಗೆ ಪೂಜೆ ಮಾಡುತ್ತಾನೆ. ತೋಡಿದವರ ಕೈಗೆ ಸಾರಾಯಿ ಬಾಟ್ಲಿ ಕೊಡುತ್ತಾನೆ. ಮೊದಲ ಗುಟುಕು ನೆಲಕ್ಕೆ, ಅದು ಗಂಗವ್ವನ ಪಾಲು. ಉಳಿದದ್ದು ನಮ್ಮದು. ಯಾರಾದರೂ ಒಲ್ಲೆ ಎಂದರೆ ನೀರು ಉಪ್ಪಾಗುತ್ತದೆ ಎಂಬ ನಂಬಿಕೆ. ಮೂರನೇ ಈಯತ್ತೆಗೆ ಸ್ಲೇಟು ಇಟ್ಟು ಹಾರೆ ಹಿಡಿದವನು ನಾನು. ಮೀಸೆ ಮೂಡುವ ಮೊದಲೇ ನನ್ನ ಪಾಲು ನನಗೆ ಸಿಕ್ಕಿತ್ತು. ಮೇಸ್ತ್ರಿಯಾದೆ. ಬಂಡೆಗೆ ಸುತ್ತಿಗೆ ಬಡಿದು, ಸದ್ದು ಕೇಳಿ, ನೀರು ಎಷ್ಟು ದೂರ ಎಂದು ಹೇಳುತ್ತಿದ್ದೆ. "ಓಬಣ್ಣ ಅಂದ್ರೆ ಅಂದಂಗೆ" ಎನ್ನುತ್ತಿದ್ದರು. ನೀರು ಬಂದ ದಿನ ಕುಡಿಯುತ್ತಿದ್ದವನು, ಆಮೇಲೆ ನೀರು ಬರಲಿ ಎಂದು ಕುಡಿದೆ. ಬರಲಿಲ್ಲ ಎಂದು ಕುಡಿದೆ. ಕೊನೆಗೆ ಬೆಳಗ್ಗೆ ಕುಡಿಯದಿದ್ದರೆ ಸುತ್ತಿಗೆ ಹಿಡಿಯಲು ಆಗದಷ್ಟು ಕೈ ನಡುಗುತ್ತಿತ್ತು.

ಒಂದು ಬೆಳಗ್ಗೆ ಬಾವಿಯ ತಳದಲ್ಲಿ ಕೂತು ಸಿಡಿಮದ್ದಿನ ಕೇಪಿಗೆ ಬತ್ತಿ ಸಿಕ್ಕಿಸುತ್ತಿದ್ದೆ. ಬಾಯಲ್ಲಿ ಬೀಡಿ, ಹೊಟ್ಟೆಯಲ್ಲಿ ಸಾರಾಯಿ. ಬೀಡಿಯ ಕಿಡಿ ಎಲ್ಲಿ ಬಿತ್ತೋ ನೆನಪಿಲ್ಲ. ಎಡಗೈಯ ಹೆಬ್ಬೆರಳು, ಪಕ್ಕದ ಎರಡು ಬೆರಳು ಹೋದವು.

ನನ್ನ ಹೆಂಡತಿ ಬೋರಮ್ಮ ಆಸ್ಪತ್ರೆಯಲ್ಲಿ ಅಳಲಿಲ್ಲ. ಗಾಯ ಮಾಯುವವರೆಗೆ ಉಣ್ಣಿಸಿದಳು. ಮಾಯ್ದ ವಾರಕ್ಕೆ ನಾನು ಮತ್ತೆ ಕುಡಿದು ಬಂದೆ. ಆಗ ಮಗಳನ್ನು ಕರೆದುಕೊಂಡು ಅದೇ ಊರಿನ ಅಣ್ಣನ ಮನೆಗೆ ಹೋದಳು. ಕರೆಯಲು ಹೋದರೆ ಅವಳು ಹೊಸ್ತಿಲು ದಾಟಲಿಲ್ಲ, ನನ್ನನ್ನೂ ದಾಟಿಸಲಿಲ್ಲ. "ಒಂದ್ ವರ್ಷ ಕುಡೀದಂಗಿರು. ಎಲ್ಲಿರ್ತೀಯೋ, ಹೆಂಗಿರ್ತೀಯೋ ನಂಗ್ಬ್ಯಾಡ. ಇದ್ದು ಬಾ. ಆಮ್ಯಾಕೆ ಮಾತಾಡಾನ" ಎಂದಳು.

ನಮ್ಮೂರಲ್ಲಿದ್ದು ಅದು ಆಗುವ ಮಾತಲ್ಲ. ಅದಕ್ಕೇ ಬಸ್ಸು ಹತ್ತಿದೆ. ಎಂಬತ್ತನೇ ಇಸವಿಯ ಆಚೀಚೆಯ ಮಾತು ಇದು.

ಹಾಲಮ್ಮನವರ ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯಲ್ಲಿ ಇರಲು ಜಾಗ ಸಿಕ್ಕಿತು. ಬದಲಿಗೆ ದನದ ಸಗಣಿ ಬಾಚಬೇಕು. ಕುಡಿತ ಬಿಟ್ಟ ಮೊದಲ ವಾರ ಬೆವರು, ನಡುಕ, ಕಣ್ಣು ಬಿಟ್ಟರೆ ಗೋಡೆ ಮೇಲೆ ಇರುವೆ ಹರಿದಂತೆ. ಚಳಿಜ್ವರ ಎಂದು ಹೇಳಿದೆ. ಆಕೆ ಜೋನಿಬೆಲ್ಲವನ್ನು ನೀರಲ್ಲಿ ಕದಡಿ ಚೆಂಬಿನ ತುಂಬ ತಂದಿಟ್ಟರು. "ಕುಡಿ. ಈ ತರ ಚಳಿಗೆ ಇದೇ ಮದ್ದು" ಎಂದರು. ಕೈಗೆ ಏನಾಯಿತೆಂದು ಒಮ್ಮೆ ಕೇಳಿದರು. "ಕಬ್ಬಿನ ಗಾಣಕ್ಕೆ ಸಿಕ್ಕಿತ್ರಿ ಅಮ್ಮಾರೆ" ಎಂದೆ. ಸುತ್ತ ಕಬ್ಬಿನ ಗದ್ದೆ ಕಾಣುತ್ತಿತ್ತು, ಬಾಯಿಗೆ ಅದೇ ಬಂತು. ಆಮೇಲೆ ಊರಿನಲ್ಲಿ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ. ಆಕೆ ನನ್ನ ಕೈಯನ್ನು ಒಂದು ಗಳಿಗೆ ನೋಡಿ, "ಅಯ್ಯೋ ಪಾಪ" ಎಂದು ಒಳಗೆ ಹೋದರು.

ಊಟವೂ ಬೇರೆ. ನಮ್ಮಲ್ಲಿ ಮುದ್ದೆ ಉಂಡರೆ ಸಂಜೆಯ ತನಕ ಹೊಟ್ಟೆಯಲ್ಲಿ ಕಲ್ಲು ಕೂತಂತೆ ಕೂತಿರುತ್ತದೆ. ಇಲ್ಲಿ ಅನ್ನ, ಉಂಡು ಎದ್ದರೆ ಮತ್ತೆ ಹಸಿವು, ಹಸಿವಾದರೆ ಮತ್ತೆ ಸಾರಾಯಿಯದೇ ನೆನಪು. ಮಾತು ಒಂದೇ ಆದರೂ ಅರ್ಥ ಬೇರೆ. "ನೀರು ಬಂತಾ?" ಎಂದು ನಮ್ಮಲ್ಲಿ ಕೇಳಿದರೆ ಅದು ನೆಲದ ಕೆಳಗಿನ ನೀರು. ಇಲ್ಲಿ ಕೇಳಿದರೆ ನಾಲೆಯದು. ತೂಬು ಎತ್ತಿ ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುವವನನ್ನು ಸೌಡಿ ಎನ್ನುತ್ತಾರೆ. ನಮ್ಮ ಕಾಲುವೆಯ ಸೌಡಿ ರುದ್ರಪ್ಪ ಎಂಬಾತ ನನಗೆ ಹೂಳು ಎತ್ತುವ ಕೆಲಸ ಕೊಟ್ಟ. ಏಳು ಬೆರಳಲ್ಲಿ ಸಲಿಕೆ ಹಿಡಿಯುವುದನ್ನು ಹೊಸದಾಗಿ ಕಲಿತೆ. ಹತ್ತು ಬೆರಳಿನವರಿಗಿಂತ ಒಂದು ಬುಟ್ಟಿ ಹೆಚ್ಚೇ ಎತ್ತುತ್ತಿದ್ದೆ. ಕನಿಕರದಿಂದ ಕೊಟ್ಟ ಕೆಲಸ ಎಂದು ಯಾರೂ ಅನ್ನಬಾರದಲ್ಲ.

ಸಾರಾಯಿ ಅಂಗಡಿ ಇಲ್ಲಿಯೂ ಇತ್ತು, ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ. ಆದರೆ ನಮ್ಮೂರಿನ ಅಂಗಡಿಯ ಒಳಗಿಂದ "ಏ ಓಬಣ್ಣಾ, ಬಾರಲೇ" ಎಂದು ಕರೆಯುವವರು ಹತ್ತು ಮಂದಿ. ಇಲ್ಲಿ ಒಬ್ಬನೂ ಇಲ್ಲ. ಅದೇ ನನ್ನನ್ನು ಉಳಿಸಿದ್ದು. ಸಂಜೆಯಾದರೆ ಸುಡುತ್ತಿದ್ದುದೂ ಅದೇ. ಬಾಯಿ ತುಂಬ ಬೈಯಲಾದರೂ ಒಬ್ಬ ಗೆಳೆಯ ಬೇಕಲ್ಲ. ನಾನು ನಾಲೆಯ ಏರಿಯ ಮೇಲೆ ಕೂತು, ಹರಿಯುವ ನೀರಿನೊಂದಿಗೆ ಮಾತಾಡುತ್ತಿದ್ದೆ. ಅದು ನಿಂತು ಕೇಳುವ ಜಾತಿಯದಲ್ಲ.

ಬೇಸಿಗೆಗೆ ಕೊನೆಯ ಗದ್ದೆಗಳ ಕೊಯ್ಲಾಗಿ ನಾಲೆ ಬಂದ್ ಆಯಿತು. ಹೂಳಿನ ಕೆಲಸವೂ ಹದಿನೈದು ದಿನದಲ್ಲಿ ಮುಗಿಯಿತು. ಆಮೇಲೆ ಕೂಲಿ ಇಲ್ಲ. ಅಡಿಕೆ ಮಂಡಿಗೆ ಹೋದರೆ ನನ್ನ ಕೈ ನೋಡಿ, "ಮೂಟೆ ಜಾರಿದ್ರೆ ಯಾರಪ್ಪ ಹೊಣೆ?" ಎಂದರು. ಅದೇ ಹೊತ್ತಿಗೆ ನನ್ನ ಹಳೆಯ ಜೊತೆಗಾರರು ಹೇಳಿ ಕಳಿಸಿದರು: ಬಾವಿ ಹಿಡಿದಿದ್ದೇವೆ, ನೀನು ಕೈ ಹಚ್ಚಬೇಡ, ಬಂಡೆಯ ಸದ್ದು ಕೇಳಿ ಹೇಳಿದರೆ ಸಾಕು. ಹೋದರೆ ಅನ್ನ ಸಿಗುತ್ತದೆ, ಮಾನವೂ ಸಿಗುತ್ತದೆ, ಜೊತೆಗೆ ಬಾಟ್ಲಿಯೂ ಸಿಗುತ್ತದೆ. ಎಂಟು ತಿಂಗಳು ಕಷ್ಟಪಟ್ಟು ಹಿಡಿದದ್ದು ಒಂದು ಸಂಜೆಯಲ್ಲಿ ಹೋಗುತ್ತದೆ. ಎರಡು ದಿನ ಗಂಟು ಕಟ್ಟಿ, ಎರಡು ದಿನ ಬಿಚ್ಚಿದೆ.

ಹೋಗದೆ ಉಳಿಯುವ ದಾರಿಯನ್ನು ರುದ್ರಪ್ಪನೇ ಹೇಳಿದ್ದು. "ಸರ್ಕಾರದೋರು ಕೈಕಾಲು ಊನ ಆದೋರಿಗೆ ತಿಂಗಳ ತಿಂಗಳ ಪಿಂಚಣಿ ಕೊಡ್ತಾರಂತೆ. ಅರ್ಜಿ ಹಾಕಲೇ ಮಾರಾಯ."

"ನಾನೇನು ಬೇಡಿ ತಿನ್ನೋನಾ?"

"ಬೇಡೋನಲ್ಲ, ಸರಿ. ನಾಲೆ ಬಂದ್ ಆದಾಗ ಮಣ್ಣು ತಿಂತೀಯಾ?"

ಮೂರು ದಿನ ರುದ್ರಪ್ಪನ ಜೊತೆ ಮಾತು ಬಿಟ್ಟೆ. ನಾಲ್ಕನೆಯ ದಿನ ಚನ್ನಗಿರಿಯ ಬಸ್ಸು ಹತ್ತಿದೆ.

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ ಕಾಗದ ನೋಡಿ, "ನಿಂದು ಜಗಳೂರು. ಅದು ಚಿತ್ರದುರ್ಗ ಜಿಲ್ಲೆ. ಇದು ಶಿವಮೊಗ್ಗ. ಅಲ್ಲೇ ಕೇಳ್ಕೊಳಪ್ಪ" ಎಂದ. ಜಗಳೂರಿಗೆ ಹೋದರೆ, "ನೀನು ಇಲ್ಲಿ ವಾಸ ಇಲ್ವಲ್ಲ. ಎಲ್ಲಿ ಉಣ್ತೀಯೋ ಅಲ್ಲಿ ಕೇಳು" ಎಂದರು. ಬೆರಳು ಕಳೆದುಕೊಂಡದ್ದು ಒಂದು ಜಿಲ್ಲೆಯಲ್ಲಿ, ಹಸಿದದ್ದು ಇನ್ನೊಂದರಲ್ಲಿ. ಮತ್ತೆ ಚನ್ನಗಿರಿಗೆ ಬಂದೆ. ನಾಲ್ಕು ಸಲ ಅಲೆದ ಮೇಲೆ, ಊರಲ್ಲಿ ಮಹಜರು ಆಗಲಿ ಎಂದರು. ಅಂದರೆ ಗ್ರಾಮಲೆಕ್ಕಿಗರು ಬಂದು, ಊರಿನ ಐದು ಜನರನ್ನು ಕೂರಿಸಿ, ಈತ ಇಲ್ಲೇ ಇರುವವನೇ, ಅಂಗ ಊನವಾದದ್ದು ಹೇಗೆ ಎಂದು ಕೇಳಿ ಬರೆದುಕೊಂಡು, ಎಲ್ಲರಿಂದ ರುಜು ಹಾಕಿಸುವುದು.

ಆ ದಿನ ಹಾಲಮ್ಮನವರ ಜಗಲಿಯಲ್ಲಿ ಅವರೂ ರುದ್ರಪ್ಪನೂ ಸೇರಿ ಐವರು ಕೂತರು. ಗ್ರಾಮಲೆಕ್ಕಿಗರನ್ನು ಜನ ಇನ್ನೂ ಶಾನುಭೋಗರು ಎಂದೇ ಕರೆಯುತ್ತಿದ್ದರು. ಅವರು ಕನ್ನಡಕ ಏರಿಸಿ, "ಕೈ ಹೋಗಿದ್ದು ಹೆಂಗೆ?" ಎಂದರು.

"ಕಬ್ಬಿನ ಗಾಣಕ್ಕೆ ಸಿಕ್ಕಿದ್ದು ಸ್ವಾಮಿ, ಬರ್ಕೊಳ್ರಿ" ಎಂದ ರುದ್ರಪ್ಪ. ಅವರು ಬರೆದರು. ಕಾಗದ ಕೈಯಿಂದ ಕೈಗೆ ಹೋಯಿತು. ಹಾಲಮ್ಮನವರಿಗೆ ಓದು ಬಾರದು. ಹೆಬ್ಬೆರಳನ್ನು ಮಸಿಗೆ ಒತ್ತಿ ಕಾಗದದ ಮೇಲೆ ತಂದರು.

ಆ ನೀಲಿ ಹೆಬ್ಬೆರಳನ್ನು ನೋಡಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಡುಗುವ ನನಗೆ ಬೆಲ್ಲದ ನೀರು ಕದಡಿಕೊಟ್ಟ ಬೆರಳು ಅದು. ನನ್ನ ಸುಳ್ಳಿಗೆ ಅದು ಮುದ್ರೆ ಒತ್ತಬಾರದು. ನಿಜ ಹೇಳಿದರೆ ಪಿಂಚಣಿ ಹೋಗಬಹುದು, ಈ ಕೋಣೆಯೂ ಹೋಗಬಹುದು.

"ತಡೀರಿ ಅಮ್ಮಾರೆ. ಗಾಣ ಅಲ್ಲ. ಬಾವಿಯಾಗೆ ಕೇಪು ಸಿಡೀತು. ಕುಡಿದಿದ್ದೆ. ಸೂರ್ಯ ಹುಟ್ಟೋಕೆ ಮುಂಚೆ ಕುಡಿದಿದ್ದೆ" ಎಂದೆ.

ಹಾಲಮ್ಮ ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿದೇ ಹೇಳಿದರು. "ಅಂತೂ ಹೇಳಿದ್ಯಲ್ಲಪ್ಪ. ನಮ್ಮನೆಯವರ ಬಲಗೈ ಗಾಣಕ್ಕೇ ಹೋಗಿದ್ದು. ಗಾಣ ಏನು ಬೆರಳು ಎಣಿಸಿ ತಗೊಳ್ತೈತಾ? ಮಣಿಕಟ್ಟಿನ ತನಕ ಎಳ್ಕೊಂಡೇ ಬಿಡೋದು. ನಿನ್ನ ಕೈ ನೋಡಿದ್ರೆ ಹಚ್ಚೆ ಚುಚ್ಚಿದಂಗೆ ಸುಟ್ಟ ಚುಕ್ಕಿ. ಕಬ್ಬಿನ ಹಾಲು ಸುಡ್ತೈತೇನು?"

ಕಬ್ಬಿನ ಸೀಮೆಗೆ ಬಂದು ಗಾಣದ ಸುಳ್ಳು ಹೇಳಿದ್ದೆ! ಅಲ್ಲಿ ಕೂತ ಐವರಿಗೂ ಮೊದಲ ದಿನದಿಂದಲೇ ಗೊತ್ತಿತ್ತು.

"ಮತ್ತೆ ಕೇಳಬಾರದಿತ್ತೇನಮ್ಮ?" ಎಂದರು ಶಾನುಭೋಗರು.

"ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಿದ್ದ. ಒಂದೇ ಸಾಕು ಅಂತ ಸುಮ್ನಿದ್ದೆ."

ಎಲ್ಲರೂ ನಕ್ಕರು. ಆ ಊರಿನಲ್ಲಿ ನಾನು ಎಲ್ಲರ ಜೊತೆ ನಕ್ಕದ್ದು ಅದೇ ಮೊದಲು. ಶಾನುಭೋಗರು ಹಳೆಯ ಕಾಗದ ಹರಿದು, ಬಾವಿ ಕೆಲಸದಲ್ಲಿ ಸಿಡಿಮದ್ದು ಸಿಡಿದು ಎಂದು ಹೊಸದಾಗಿ ಬರೆದರು. ಕುಡಿದದ್ದನ್ನೂ ಬರೆಯಿರಿ ಎಂದೆ. "ಅದಕ್ಕೆ ಇದರಲ್ಲಿ ಕಾಲಮ್ಮೇ ಇಲ್ಲವಲ್ಲಯ್ಯ" ಎಂದು ಪೆನ್ನು ಮುಚ್ಚಿದರು. ಕುಡಿತ ಬಿಟ್ಟದ್ದಕ್ಕೂ ಕಾಲಮ್ಮು ಇರಲಿಲ್ಲ.

ಇನ್ನೊಂದೇ ತೊಡಕು ಉಳಿಯಿತು. ಜಗಳೂರಿನ ರೇಷನ್ ಕಾರ್ಡಿನಲ್ಲಿ ನನ್ನ ಹೆಸರು ಇರುವ ತನಕ ನಾನು ಅಲ್ಲಿಯವನೇ. ಅಲ್ಲಿ ಹೆಸರು ಹೊಡೆದುಹಾಕಿಸಿ ಚೀಟಿ ತರಬೇಕು ಎಂದರು ಚನ್ನಗಿರಿಯಲ್ಲಿ. ಕಾರ್ಡು ಇದ್ದದ್ದು ಬೋರಮ್ಮನ ಹತ್ತಿರ.

ವರ್ಷ ತುಂಬಲಿ ಎಂದು ಕಾದೆ. ತುಂಬಿದ ಮೇಲೆ ಊರಿಗೆ ಹೋದೆ. ಬಸ್ಸಿಳಿದು ಹೊಲದ ದಾರಿ ಹಿಡಿದರೆ ಬಾವಿಯ ಸುತ್ತ ಜನ. ನನ್ನ ಹಳೆಯ ಜೊತೆಗಾರರ ಬಾವಿಗೆ ಅಂದೇ ನೀರು ಬಂದಿತ್ತು. ಕಾಯಿ ಒಡೆದಿದ್ದರು. ನನ್ನನ್ನು ಕಂಡು ಕೂಗಿದರು, ತಬ್ಬಿಕೊಂಡರು, ಬಾಟ್ಲಿಯನ್ನು ನನ್ನ ಕೈಗಿಟ್ಟರು. ವಾಸನೆಗೆ ಕಣ್ಣಲ್ಲಿ ನೀರು ತುಂಬಿತು. ಅಷ್ಟು ಜನ ನನ್ನ ಹೆಸರು ಹಿಡಿದು ಕರೆದು ಒಂದು ವರ್ಷವಾಗಿತ್ತು. ಹೆಂಗಸರ ನಡುವೆ ಬೋರಮ್ಮ ಕೊಡ ಹಿಡಿದು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

ಮೊದಲ ಗುಟುಕನ್ನು ನೆಲಕ್ಕೆ ಬಿಟ್ಟೆ. ಬಾಟ್ಲಿ ಓರೆಯಾಗಿಯೇ ಇತ್ತು. ಖಾಲಿಯಾಗುವ ತನಕ ಹಾಗೆಯೇ ಹಿಡಿದೆ. "ನನ್ನ ಪಾಲೂ ಗಂಗವ್ವನೇ ತಗೊಳ್ಳಿ" ಎಂದೆ.

"ನೀರು ಉಪ್ಪಾದ್ರೆ ನಿನ್ ತಲೆ ಮ್ಯಾಲೆ" ಎಂದ ಒಬ್ಬ. ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಆಚೆ ಬದಿಗೆ ಹೋಗಿ ಕೂತರು. ಈಚೆ ಬದಿಯಲ್ಲಿ ನಾನೊಬ್ಬನೇ ಉಳಿದೆ.

ಸಂಜೆ ಅವಳ ಅಣ್ಣನ ಮನೆಯಲ್ಲಿ ಕಾರ್ಡು ಬೇಕಾದ ವಿಷಯ ಹೇಳಿದೆ. ಬೋರಮ್ಮ ರೊಟ್ಟಿ ಬಡಿಯುತ್ತ ಕೇಳಿದಳು. "ಆ ಊರಾಗೆ ಯಾರೂ ಬಾವಿ ತೋಡಲ್ವಾ?"

"ಇಲ್ಲ. ನೀರು ಬಂದ್ರೆ ಬೈತಾರೆ."

ಬಡಿದ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. "ಹಂಗಾರೆ ಅಲ್ಲೇ ಇರು" ಎಂದಳು. ಎದ್ದು ಹೋಗಿ ಟ್ರಂಕು ತೆಗೆದು ಕಾರ್ಡು ತಂದು ನನ್ನ ಮಡಿಲಲ್ಲಿಟ್ಟಳು. ಆ ಹೊಸ್ತಿಲ ಒಳಗೆ ನಾನು ಕೂತು ಉಂಡದ್ದು ಅಂದೇ.

ನೀನೂ ಬಾ ಎಂದೆ. ಮಗಳ ಶಾಲೆ, ಅಣ್ಣನ ಹೊಲದ ಪಾಲು ಎಂದು ಏನೇನೋ ಹೇಳಿದಳು. "ಇನ್ನೊಂದ್ ವರ್ಷ ನೋಡಾನ" ಎಂದಳು. ಅವಳದು ತಪ್ಪು ಎನ್ನುವ ಬಾಯಿ ನನಗಿಲ್ಲ.

ಮರುದಿನ ಇಬ್ಬರೂ ಜಗಳೂರಿನ ಕಚೇರಿಗೆ ಹೋದೆವು. ಗುಮಾಸ್ತ ಸ್ಕೇಲು ಇಟ್ಟು ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದ. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಬೋರಮ್ಮ ಕಾರ್ಡನ್ನು ತಿರುಗಿಸಿ ನೋಡಿದಳು. ಓದು ಬಾರದವಳು.

"ಗೆರೆ ಎಳೆದ ಮ್ಯಾಲೂ ಹೆಸರು ಕಾಣ್ತೈತಾ?"

"ಕಾಣ್ತೈತೆ."

"ಸಾಕು" ಎಂದು ಸೆರಗಿನಲ್ಲಿ ಸುತ್ತಿಕೊಂಡಳು.

ಪಿಂಚಣಿ ಬಂತು. ಈಗಲೂ ನಾಲೆ ಬಂದ್ ಆದ ತಿಂಗಳುಗಳಲ್ಲಿ ಅದರಿಂದಲೇ ಉಣ್ಣುತ್ತೇನೆ. ಬೋರಮ್ಮ ವರ್ಷಕ್ಕೆ ಎರಡು ಸಲ ಬರುತ್ತಾಳೆ, ನಾಲ್ಕು ದಿನ ಇರುತ್ತಾಳೆ. ಏರಿಯ ಮೇಲೆ ಕೂತು, "ಇಷ್ಟೊಂದು ನೀರು ಸುಮ್ಕೆ ಹೋಗ್ತೈತಲ್ಲ" ಎಂದು ಸಂಕಟ ಪಡುತ್ತಾಳೆ. ಐದನೆಯ ದಿನ ಬಸ್ಸು ಹತ್ತುತ್ತಾಳೆ. ಗುಣಿ ತೋಡುವಾಗ ನೀರು ಬಂದರೆ ನಾನು ಇನ್ನೂ ಕೈಮುಗಿಯುತ್ತೇನೆ. ಬಾಯಿ ಇನ್ನೂ ಕೇಳುತ್ತದೆ. ಉಗುಳು ನುಂಗಿ ಕಂಬ ನೆಡುತ್ತೇನೆ.

ಮೊನ್ನೆ ಜಗಳೂರಿನಲ್ಲಿ ಹೊಸ ಕಾರ್ಡು ಕೊಟ್ಟರಂತೆ. ಅದರಲ್ಲಿ ನನ್ನ ಹೆಸರಿಲ್ಲ, ಗೆರೆಯೂ ಇಲ್ಲ. ಹಳೆಯದನ್ನು ವಾಪಸು ಕೊಡಬೇಕಿತ್ತು. ಕಳೆದುಹೋಯಿತು ಎಂದು ಹೇಳಿ, ಬೋರಮ್ಮ ಅದನ್ನು ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದಾಳೆ.