ಮೈಕಿನ ಮುಂದೆ ನಿಂತುಹೋದ ಲೆಕ್ಕ

ಕಣದಲ್ಲಿ ರಾಗಿ ಅಳೆಯುವವನು ಮೊದಲ ಕೊಳಗಕ್ಕೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾನೆ. ಆಮೇಲೆ ಎರಡು, ಮೂರು. ಮುದ್ದೆ ಉಂಡು ಬೆಳೆದ ನಮಗೆಲ್ಲ ಇದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ತಪ್ಪು ರಾಗಿಯದ್ದಲ್ಲ.

ಅರ್ಚನಗೂ ಗೊತ್ತಿರಲಿಲ್ಲ. ಪಾಂಡವಪುರದ ಪೂಜಾರಿಕೆ ಮನೆತನದ ಹೆಣ್ಣುಮಗಳು. ಸಂತೆಬಾಚಹಳ್ಳಿ ಕಡೆಯ ಸರ್ಕಾರಿ ಶಾಲೆಗೆ ಗಣಿತದ ಅತಿಥಿ ಶಿಕ್ಷಕಿಯಾಗಿ ಬಂದು, ಕಿಕ್ಕೇರಿಯಲ್ಲಿ ಕೋಣೆ ಹಿಡಿದಿದ್ದಳು. ಅತಿಥಿ ಅಂದರೆ ಎಲೆ ಹಾಕಿ ಬಡಿಸಿ ಕಳಿಸುವ ಅತಿಥಿಯಲ್ಲ. ಯಾವತ್ತು ಬೇಕಾದರೂ ಎದ್ದು ಹೋಗು ಎನ್ನಿಸಿಕೊಳ್ಳುವ ಅತಿಥಿ.

ಅವಳಿಗಿದ್ದ ಹುಚ್ಚು ಪೂರ್ಣ ಸಂಖ್ಯೆಗಳ ಒಗಟು. ಒಗಟು ಬಿಡಿಸಿದ ಖುಷಿಯನ್ನು ಒಬ್ಬರೇ ಉಣ್ಣಲಾಗದು, ಪಕ್ಕದಲ್ಲಿ ‘ಹೌದಲ್ವಾ!’ ಎನ್ನುವ ಇನ್ನೊಂದು ಬಾಯಿ ಬೇಕು. ಶಿಕ್ಷಕರ ವಾಟ್ಸಾಪ್ ಗುಂಪಿಗೆ ಒಂದು ಒಗಟು ಹಾಕಿ ನೋಡಿದಳು. ಗುಲಾಬಿ ಹೂವಿನ ಶುಭೋದಯಕ್ಕೆ ಸಾಲುಗಟ್ಟಿ ಕೈಮುಗಿಯುವ ಗುಂಪು ಇದಕ್ಕೂ ಕೈಮುಗಿದು ಸುಮ್ಮನಾಯಿತು. ಫೋನಿನಲ್ಲಿ ಅಮ್ಮನಿಗೆ ಹೇಳಹೊರಟರೆ, ‘ಅದಿರ್ಲಿ, ಸಾರು ಏನ್ಮಾಡ್ಕೊಂಡೆ?’

ಆ ಇನ್ನೊಂದು ಬಾಯಿ ಏಳನೇ ತರಗತಿಯಲ್ಲಿ ಸಿಕ್ಕಿತು: ಸಿಂಚನ. ಅವಳಪ್ಪ ನಂಜಪ್ಪ ಸುತ್ತಲಿನ ಕಣಗಳಲ್ಲಿ ರಾಗಿ ಅಳೆದುಕೊಡುವವನು. ತೂಕದ ಯಂತ್ರ ಬಂದಮೇಲೂ ಹಳಬರು ಅವನನ್ನೇ ಕರೆಯುತ್ತಿದ್ದರು. ಮಗಳು ಎಣಿಸುತ್ತಿದ್ದುದೂ ಕಣದ ರಾಗದಲ್ಲೇ.

‘ಲಾಭ ಅಂದ್ರೇನೇ?’ ಅರ್ಚನ ಕೇಳಿದಳು.

‘ಒಂದು, ಮಿಸ್. ಒಂದು ಅಂದ್ಬುಟ್ರೆ ರಾಗಿ ರಾಸಿ ಮುನಿಸ್ಕತ್ತದಂತೆ.’

ಅರ್ಚನ ನಕ್ಕಳು. ತಿದ್ದಲಿಲ್ಲ. ಕೇಳಲು ಚೆಂದವಾಗಿತ್ತು.

ಶಾಲೆ ಬಿಟ್ಟಮೇಲೆ ಇಬ್ಬರೂ ಜಗಲಿಯಲ್ಲಿ ಕೂರತೊಡಗಿದರು. ‘ಎರಡು ಸಂಖ್ಯೆ. ಕೂಡಿದ್ರೂ ಗುಣಿಸಿದ್ರೂ ಒಂದೇ ಉತ್ತರ. ಯಾವುವು?’

‘ಎರಡು, ಎರಡು!’ ಎಂದ ಸಿಂಚನ ಓಡಿಹೋದವಳು ಗೇಟಿನಿಂದ ವಾಪಸು ಬಂದಳು. ‘ಸೊನ್ನೆ, ಸೊನ್ನೆನೂ ಆಯ್ತದಲ್ಲಾ ಮಿಸ್!’

ಆ ಸಂಜೆ ಕಂಡಕ್ಟರು ಚಿಲ್ಲರೆ ಕೇಳಿದ್ದಕ್ಕೂ ಅರ್ಚನಗೆ ನಗು ಬಂತು. ಅಷ್ಟು ದಿನ ಬಾಗಿಲು ಹಾಕಿಕೊಂಡಿದ್ದ ಮನಸ್ಸಿನೊಳಗೆ ಯಾರೋ ಬಂದು ಕೂತಂತಿತ್ತು.

ನಾಲ್ಕು ತಾಲ್ಲೂಕಿನ ಮಕ್ಕಳಿಗೆ ಶ್ರೀರಂಗಪಟ್ಟಣದ ಕಲ್ಯಾಣ ಮಂಟಪವೊಂದರಲ್ಲಿ ಗಣಿತ ಸ್ಪರ್ಧೆ ನಡೆಯಿತು. ಗೆದ್ದವರಿಗೆ ವರ್ಷವಿಡೀ ಭಾನುವಾರದ ತರಬೇತಿ ಪುಕ್ಕಟೆ. ಟೈ ಕಟ್ಟಿದ ಮಕ್ಕಳ ನಡುವೆ, ಅರ್ಚನ ಕರೆದೊಯ್ದಿದ್ದ ಸಿಂಚನ ಬರೆಯುವ ಸುತ್ತನ್ನು ದಾಟಿದಳು. ಕೊನೆಯದು ಬಾಯಿಮಾತಿನ ಸುತ್ತು: ಮೈಕಿನ ಮುಂದೆ ನಿಂತು, ಯೋಚನೆಯನ್ನು ಗಟ್ಟಿಯಾಗಿ ಹೇಳುತ್ತಲೇ ಬಿಡಿಸಬೇಕು.

‘ಒಂದರಿಂದ ಮೂವತ್ತರವರೆಗಿನ ಎಲ್ಲ ಸಂಖ್ಯೆಗಳನ್ನೂ ಗುಣಿಸಿದರೆ, ಉತ್ತರದ ಕೊನೆಯಲ್ಲಿ ಎಷ್ಟು ಸೊನ್ನೆ ಇರುತ್ತವೆ?’

‘ಐದೂ ಎರಡೂ ಸೇರುದ್ರೆ ಸೊನ್ನೆ ಬತ್ತದೆ ಸಾರ್. ಎರಡು ಬೇಕಾದಂಗವೆ, ಐದು ಎಣುಸುದ್ರೆ ಸಾಕು. ಐದಕ್ಕೆ ಲಾಭ, ಅತ್ತಕ್ಕೆ ಎರಡು, ಅದ್ನೈದಕ್ಕೆ ಮೂರು...’

ತೀರ್ಪುಗಾರ ಮೈಕಿಗೆ ಬಾಗಿದ. ‘ಲಾಭಾನಾ? ಏನಮ್ಮಾ, ಸಂತೆಗೆ ಬಂದಿದ್ದೀಯಾ? ಕೆ.ಜಿ. ಎಷ್ಟಕ್ಕೆ ಕೊಡ್ತೀಯಾ?’

ಮಂಟಪ ಘೊಳ್ಳೆಂದಿತು. ಸಿಂಚನ ಮೊದಲಿನಿಂದ ಹೊರಟಳು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅದೇ: ‘ಲಾಭ...’ ಈ ಸಲ ಮಕ್ಕಳಿಗಿಂತ ಜೋರಾಗಿ ನಕ್ಕವರು ಅಪ್ಪ ಅಮ್ಮಂದಿರು. ಹುಡುಗಿಯ ಬಾಯಿ ಮುಚ್ಚಿತು. ಸಮಯ ಮುಗಿದ ಗಂಟೆ ಹೊಡೆಯಿತು.

ದಾರಿ ಸರಿಯಾಗಿತ್ತು. ಇಪ್ಪತ್ತೈದರಲ್ಲಿ ಐದು ಎರಡು ಸಲ ಅಡಗಿದೆ ಎಂಬ ಗುಂಡಿಗೆ ಅವಳು ಬೀಳುತ್ತಿದ್ದಳೋ, ದಾಟುತ್ತಿದ್ದಳೋ ಯಾರಿಗೂ ಗೊತ್ತಿಲ್ಲ. ಅಲ್ಲಿಯವರೆಗೆ ಹೋಗಲು ಬಿಟ್ಟವರಾದರೂ ಯಾರು?

ಹಿಂದಿನ ಸಾಲಿನಲ್ಲಿದ್ದ ಅರ್ಚನ ಅರ್ಧ ಎದ್ದಿದ್ದಳು. ತೀರ್ಪುಗಾರನ ಪಕ್ಕ ಕೂತು ನಗುತ್ತಿದ್ದವರು, ಮುಂದಿನ ವರ್ಷ ಯಾರು ಅತಿಥಿ ಎಂದು ಸಹಿ ಹಾಕುವ ಸಾಹೇಬರು. ಅವರನ್ನು ನೋಡಿದಳು. ಕೂತುಬಿಟ್ಟಳು.

ಮಾರನೆಯ ದಿನದಿಂದ ಸಿಂಚನ ಜಗಲಿಗೆ ಬರಲಿಲ್ಲ. ತರಗತಿಯಲ್ಲೂ ತಲೆ ಎತ್ತಲಿಲ್ಲ. ಕಾದು ಕಾದು ಅರ್ಚನ ಅವಳ ಮನೆಗೇ ಹೋದಳು.

‘ಬನ್ನಿ ಮೇಡಮ್ಮಾರೆ, ಕುಂತ್ಕಳಿ,’ ನಂಜಪ್ಪ ಚಾಪೆ ಹಾಸಿದ. ‘ಕೂಸು ಒಳ್ಗವ್ಳೆ. ಕರುದ್ರೆ ಬರಾಕಿಲ್ಲ ಅಂತಾವ್ಳೆ.’

ಒಳಗಿನಿಂದ ಪಿಸುದನಿ: ‘ಅಪ್ಪಾ, ತಲೆನೋವು ಅನ್ನು.’

‘ಕೇಳುಸ್ತಲ್ಲಾ, ತಲೆನೋವಂತೆ.’ ಅವನು ನಗಲು ನೋಡಿದ, ಆಗಲಿಲ್ಲ. ‘ನಾನೇ ಕೆಡುಸ್ದೆ ಬುಡಿ ಮೇಡಮ್ಮಾರೆ. ಕಣುಕ್ಕೆ ಕರ್ಕೊಂಡೋಗಿ ಕರ್ಕೊಂಡೋಗಿ ಕೂಸ್ನ ಬಾಯೇ ಅಂಗಾಗೋಯ್ತು. ಈಗ ಅಳೆಯಾವಾಗ ನಾನೇ ಬಾಯ್ಬುಟ್ಟು ಎಣುಸಾಕಿಲ್ಲ.’

‘ನಿಮ್ಮ ತಪ್ಪಲ್ಲ,’ ಎಂದ ಅರ್ಚನ ಬಾಗಿಲ ಕಡೆ ತಿರುಗಿದಳು. ‘ಸಿಂಚನಾ, ನಾನು ಎದ್ದು ಮಾತಾಡ್ಬೇಕಿತ್ತು ಕಣೇ.’

ಒಳಗಿನಿಂದ, ಸಿಟ್ಟೂ ಇಲ್ಲದ ಒಂದು ದನಿ: ‘ನಾನು ನೋಡ್ದೆ ಮಿಸ್. ನೀವು ಕುಂತ್ಕಬುಟ್ರಿ.’

ಅರ್ಚನ ಚಾಪೆಯಿಂದ ಎದ್ದಳು. ಈಗಲೂ ಶಾಲೆ ಬಿಟ್ಟಮೇಲೆ ಬಸ್ಸು ಬರುವವರೆಗೆ ಜಗಲಿಯಲ್ಲಿ ಕೂರುತ್ತಾಳೆ, ಮಡಿಲಲ್ಲಿ ಬ್ಯಾಗು, ಕೈಯಲ್ಲಿ ಕೊಠಡಿಯ ಬೀಗದ ಕೈ. ಹೊಸ ಒಗಟುಗಳು ಹೊಳೆಯುತ್ತವೆ. ಕೇಳುವವರಿಲ್ಲ.

ಆ ಮಂಟಪದಲ್ಲಿ ನಕ್ಕವರು ರಾಕ್ಷಸರಲ್ಲ. ಮಕ್ಕಳಿಗೆ ತಿಂಡಿ ಡಬ್ಬಿ ಕಟ್ಟಿಕೊಂಡು ಬಂದಿದ್ದ ನಿಮ್ಮಂಥವರೇ. ಮುಂದಿನ ಸಲ ನಿಮ್ಮೆದುರು ಮಗುವೊಂದು ತನ್ನ ಮನೆಯ ಮಾತಿನಲ್ಲಿ ಲೆಕ್ಕ ಶುರುಮಾಡಿದರೆ, ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡು ಕೇಳಿ. ಪಕ್ಕದವನು ನಕ್ಕನೋ, ಎದ್ದು ನಿಲ್ಲಿ. ಅರ್ಧ ಅಲ್ಲ, ಪೂರ್ತಿ ಎದ್ದು ನಿಲ್ಲಿ.